ಶಾಲಿನ ಹೆಣಿಗೆ: ನೂಲು ಮೊದಲು, ನಮೂನೆ ಆಮೇಲೆ

ಬೆವರಿನ ಊರಾದ ಮುಂಬಯಿಯಲ್ಲಿ ಉಣ್ಣೆಯ ಶಾಲಿಗೇನು ಕೆಲಸವೆಂದು ಕೇಳುವವರುಂಟು. 1962ರ ಜನವರಿ 22ರಂದು ಸಾಂತಾಕ್ರೂಜಿನಲ್ಲಿ ಉಷ್ಣತೆ 7.4 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅಂತಹ ಚಳಿ ಇಲ್ಲಿ ಅಪರೂಪವೇ ಸರಿ. ಆದರೂ ಹವಾನಿಯಂತ್ರಿತ ಕಚೇರಿಯಲ್ಲಿ ದಿನವಿಡೀ ಕುಳಿತಿರುವವರಿಗೆ, ಡಿಸೆಂಬರಿನಲ್ಲಿ ಧಾರವಾಡ, ಬೆಳಗಾವಿಗಳ ಕಡೆ ರಾತ್ರಿ ಪಯಣಿಸುವವರಿಗೆ, ಮನೆಯ ವೃದ್ಧರಿಗೆ, ಬಾಣಂತಿಯರಿಗೆ ಶಾಲು ಬೇಕೇ ಬೇಕು.

ಹೆಣೆಯುವವರು ಸಾಮಾನ್ಯವಾಗಿ ನಮೂನೆಯ ಚಿತ್ರಕ್ಕೆ ಮರುಳಾಗಿ ಕೆಲಸ ಆರಂಭಿಸುತ್ತಾರೆ. ಶಾಲು ಯಾರ ಹೆಗಲಿಗೆ ಎಂಬುದು ಮೊದಲು ನಿಶ್ಚಯವಾಗಬೇಕು. ನೂಲಿನ ಆಯ್ಕೆ ಅದನ್ನು ಅವಲಂಬಿಸಿದೆ. ಪೇಟೆಯಲ್ಲಿ ಅಕ್ರಿಲಿಕ್ ನೂಲಿಗೂ ‘ವೂಲ್’ ಎಂದೇ ಹೆಸರು. ಅದು ಅಗ್ಗ, ಒಗೆಯಲು ಸುಲಭ, ನುಸಿಗೆ ಆಹಾರವಲ್ಲ. ಆದರೆ ಬೆಂಕಿ ತಗುಲಿದರೆ ಕರಗಿ ಉರಿಯುತ್ತದೆ, ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕುರಿಯ ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲು ತೇವವನ್ನು ಹೀರಿಯೂ ಒದ್ದೆಯೆನಿಸುವುದಿಲ್ಲ. ನಸುಕಿನಲ್ಲಿ ದೇವರ ದೀಪ ಹಚ್ಚಿ, ಗ್ಯಾಸಿನ ಒಲೆಯ ಮುಂದೆ ನಿಲ್ಲುವ ಅಜ್ಜಿಗೆ ಅಕ್ರಿಲಿಕ್ ಶಾಲು ಹೊದಿಸುವುದು ವಿವೇಕವಲ್ಲ. ಯಾವ ನೂಲಿನದೇ ಆಗಲಿ, ಜೋಲಾಡುವ ಅಂಚು ಒಲೆಯಿಂದ ದೂರವಿರಬೇಕು.

ಪರೀಕ್ಷೆ ಸುಲಭ. ಬೆರಳುದ್ದದ ನೂಲನ್ನು ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಕಡ್ಡಿ ಗೀರಿ ತಾಗಿಸಬೇಕು. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಪುಡಿಯಾಗುವ ಬೂದಿ ಉಳಿದರೆ ಉಣ್ಣೆ. ಗಟ್ಟಿಯಾದ ಕರಿಗುಂಡು ಉಳಿದರೆ ಅಕ್ರಿಲಿಕ್. ಕಾಗದ ಸುಟ್ಟ ವಾಸನೆಯಾದರೆ ಹತ್ತಿ.

ಉಣ್ಣೆ ಚುಚ್ಚುತ್ತದೆಂದು ಹಲವರು ಅದನ್ನು ದೂರವಿಡುವುದುಂಟು. ಚುಚ್ಚುವುದು ಎಳೆಯ ದಪ್ಪದಿಂದ. ಸುಮಾರು 30 ಮೈಕ್ರಾನ್ ಮೀರಿದ ಎಳೆಯ ತುದಿ ಚರ್ಮವನ್ನು ಕೆಣಕುತ್ತದೆ. ಚಳ್ಳಕೆರೆಯ ಕರಿ ಕಂಬಳಿ ಮೈಗೆ ಒರಟಾಗಿರುವುದೂ, ಮೆರಿನೋ ಉಣ್ಣೆ ಮೃದುವಾಗಿರುವುದೂ ಇದೇ ಕಾರಣದಿಂದ. ಕೊಳ್ಳುವ ಮುನ್ನ ಉಂಡೆಯನ್ನು ಅಂಗೈಯಿಂದಲ್ಲ, ಕತ್ತಿನ ಬದಿಗೆ ಒತ್ತಿ ನೋಡಬೇಕು.

ಇನ್ನು ಲೆಕ್ಕ. 8ನೆಯ ನಂಬರಿನ, ಅಂದರೆ 4 ಮಿಲಿಮೀಟರ್ ದಪ್ಪದ, ಕಡ್ಡಿಯಲ್ಲಿ ಅಂಗೈಯಗಲದ ಮಾದರಿ ಹೆಣೆದು ಅಳೆಯಬೇಕು. 10 ಸೆಂಟಿಮೀಟರಿಗೆ 20 ಕುಣಿಕೆಗಳಾದರೆ 60 ಸೆಂಟಿಮೀಟರ್ ಅಗಲಕ್ಕೆ 120 ಕುಣಿಕೆ ಸಾಕು. ಕೈ ಬಿಗಿಯಾಗಿ 22 ಬಂದರೆ ಅದೇ 120 ಕುಣಿಕೆಗೆ ಅಗಲ 55 ಸೆಂಟಿಮೀಟರನ್ನೂ ಮುಟ್ಟದು, 132 ಬೇಕು. ನಮೂನೆ 12 ಕುಣಿಕೆಗೊಮ್ಮೆ ಮರುಕಳಿಸುವುದಾದರೆ ಎರಡು ಸಂಖ್ಯೆಗಳೂ ಹೊಂದುತ್ತವೆ. ಮಾದರಿ ಹೆಣೆಯಲು ಬೇಸರಿಸಿ ಇಡೀ ಶಾಲನ್ನೇ ಬಿಚ್ಚಿದವರು ಕಡಿಮೆಯಿಲ್ಲ! ನೂಲನ್ನು ಒಂದೇ ಬಣ್ಣದ ‘ಲಾಟ್’ನಲ್ಲಿ, ಒಂದು ಉಂಡೆ ಹೆಚ್ಚಾಗಿಯೇ, ಒಮ್ಮೆಗೇ ಕೊಳ್ಳಬೇಕು.

ಡೊಂಬಿವಲಿ, ಬೊರಿವಲಿಗಳಿಂದ ಲೋಕಲ್ ಗಾಡಿಯಲ್ಲಿ ಹೆಣೆಯುತ್ತ ಬರುವವರಿಗೆ ಜಾಲರಿಯ ನಮೂನೆ ಸಲ್ಲದು. ನೂಕುನುಗ್ಗಲಿನಲ್ಲಿ ಎಣಿಕೆ ತಪ್ಪುತ್ತದೆ. ಮರಾಠಿ ಗೆಳತಿಯರು ‘ಸುಲಟ್’ ಎನ್ನುವ ನೇರ ಹೆಣಿಗೆಯನ್ನು ಎಲ್ಲ ಸಾಲುಗಳಲ್ಲೂ ಹಾಕಿದರೆ ಅಂಚು ಸುರುಳಿಯಾಗುವುದಿಲ್ಲ. ತಂತಿಯಿಂದ ಜೋಡಿಸಿದ ಕಡ್ಡಿಗಳಾದರೆ ಪಕ್ಕದವರಿಗೂ ತೊಂದರೆಯಿಲ್ಲ.

ಹಸುಗೂಸಿನ ಶಾಲಿಗೂ ತೂತಿನ ನಮೂನೆ ಬೇಡ. ಪುಟ್ಟ ಬೆರಳುಗಳು ಸಿಕ್ಕಿಕೊಳ್ಳುತ್ತವೆ. ಮಲಗಿದ ಶಿಶುವಿನ ತೊಟ್ಟಿಲಲ್ಲಿ ಸಡಿಲವಾದ ಶಾಲನ್ನು ಬಿಡಲೇಬಾರದು. ಅದು ಮುಖದ ಮೇಲೆ ಸರಿದರೆ ಉಸಿರು ಕಟ್ಟುವ ಅಪಾಯವುಂಟು. ಎತ್ತಿಕೊಂಡಾಗ ಹೊದಿಸಿದರೆ ಸಾಕು.

ಉಣ್ಣೆಯನ್ನು ಬಿಸಿನೀರಿನಲ್ಲಿ ಉಜ್ಜಿದರೆ ಕುಗ್ಗುತ್ತದೆ. ಅಂಟುವಾಳದ ತಣ್ಣನೆಯ ನೊರೆಯಲ್ಲಿ ಅದ್ದಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹಾಸಿ ಒಣಗಿಸಬೇಕು. ಮಳೆಗಾಲಕ್ಕೆ ಮುನ್ನ ಪೂರ್ತಿ ಒಣಗಿಸಿ ಮುಚ್ಚಿಟ್ಟು, ನಡುವೆ ಬಿಸಿಲು ಕಂಡ ದಿನ ಒಮ್ಮೆ ಹೊರತೆಗೆದು ಕೊಡವುವುದು ಒಳ್ಳೆಯದು.