ಪಿಕಪ್ಪಿನ ಜಾಯಿಂಟಿಗೆ ಮನೆಯಲ್ಲೇ ಗ್ರೀಸ್

ತಾಂಡೂರಿನ ಫರಸಿ ಕಲ್ಲು, ಜಹೀರಾಬಾದ್ ಕಡೆಯ ಕಬ್ಬು ಮತ್ತು ಶುಂಠಿ, ಧಾರೂರು ಸುತ್ತಲಿನ ತೊಗರಿ ಎಲ್ಲವೂ ಇಂದು ಪಿಕಪ್ಪಿನ ಮೇಲೆಯೇ ಊರು ದಾಟುತ್ತವೆ. ಎಂಜಿನ್ ಆಯಿಲ್ ಯಾವಾಗ ಬದಲಿಸಿದ್ದು ಎಂದು ಕೇಳಿದರೆ ಮಾಲೀಕರು ಥಟ್ಟನೆ ಹೇಳುತ್ತಾರೆ. ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿಗೆ ಗ್ರೀಸ್ ಹೊಡೆದದ್ದು ಯಾವಾಗ ಎಂದರೆ ಮಾತ್ರ ಯೋಚನೆಗೆ ಬೀಳುತ್ತಾರೆ. ಆಯಿಲ್ ಒತ್ತಡ ಇಳಿದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತುತ್ತದೆ, ಜಾಯಿಂಟ್ ಒಣಗಿದರೆ ಯಾವ ದೀಪವೂ ಹತ್ತುವುದಿಲ್ಲ. ಗ್ರೀಸ್ ಗನ್ ಇದ್ದರೆ ಇದು ಮನೆಯಂಗಳದಲ್ಲೇ ಒಂದು ಬೆಳಿಗ್ಗೆ ಮುಗಿಯುವ ಕೆಲಸ.

ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ ಹೌಸಿಂಗಿಗೆ ಶಕ್ತಿ ಒಯ್ಯುವ ಉದ್ದನೆಯ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ಮಾಲು ಹೇರಿದಾಗ ಕಮಾನುಪಟ್ಟಿಗಳು ಬಾಗುತ್ತವೆ, ಗುಂಡಿಗೆ ಬಿದ್ದಾಗ ಹೌಸಿಂಗ್ ಮೇಲೆ ಕೆಳಗೆ ಆಡುತ್ತದೆ. ಆ ಆಟಕ್ಕೆ ತಕ್ಕಂತೆ ಶಾಫ್ಟಿನ ಕೋನವೂ ಉದ್ದವೂ ಬದಲಾಗಬೇಕು. ಕೋನ ಬದಲಾಗುವುದು ಎರಡೂ ತುದಿಯ ಯು.ಜೆ. (ಯೂನಿವರ್ಸಲ್ ಜಾಯಿಂಟ್) ಕ್ರಾಸ್‌ಗಳಿಂದ, ಉದ್ದ ಬದಲಾಗುವುದು ಹಲ್ಲುಗಳ ಮೇಲೆ ಜಾರುವ ಸ್ಲೈಡಿಂಗ್ ಭಾಗದಿಂದ. ಉದ್ದ ಗಾಡಿಗಳಲ್ಲಿ ಶಾಫ್ಟ್ ಎರಡು ತುಂಡಾಗಿರುತ್ತದೆ. ನಡುವೆ ಇನ್ನೊಂದು ಕ್ರಾಸ್, ರಬ್ಬರಿನಲ್ಲಿ ಕೂತ ಒಂದು ಸೆಂಟರ್ ಬೇರಿಂಗ್ ಇರುತ್ತವೆ.

ಕ್ರಾಸಿನ ನಾಲ್ಕು ತೋಳುಗಳಿಗೂ ಒಂದೊಂದು ಬಟ್ಟಲು, ಅದರೊಳಗೆ ಸೂಜಿಯಂಥ ಸಣ್ಣ ರೋಲರ್‌ಗಳು. ಇವು ಪೂರ್ತಿ ಸುತ್ತು ತಿರುಗುವುದಿಲ್ಲ, ಇದ್ದಲ್ಲೇ ಕೆಲವೇ ಡಿಗ್ರಿ ಅತ್ತಿತ್ತ ಹೊರಳುತ್ತವೆ. ಹಾಗಾಗಿ ಗ್ರೀಸ್ ತಾನಾಗಿ ಎಲ್ಲೆಡೆ ಹರಡದು. ಅದು ಒಣಗಿದರೆ ರೋಲರ್‌ಗಳು ಒಂದೇ ಜಾಗವನ್ನು ಒತ್ತಿ ಒತ್ತಿ ತೋಳಿನ ಮೇಲೆ ಗೆರೆ ಕೊರೆಯುತ್ತವೆ. ಗೆರೆ ಬಿದ್ದ ಮೇಲೆ ಎಷ್ಟು ಗ್ರೀಸ್ ಹೊಡೆದರೂ ಪ್ರಯೋಜನವಿಲ್ಲ, ಕ್ರಾಸ್ ಬದಲಿಸಲೇಬೇಕು. 1903ರಲ್ಲಿ ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ ಪಡೆದ ಪೇಟೆಂಟು ಕೂಡ ಜಾಯಿಂಟಿನ ಸುತ್ತಲಿನ ಕವಚಕ್ಕೆ ಸಂಬಂಧಿಸಿದ್ದು. ಗ್ರೀಸನ್ನು ಒಳಗೆ, ಧೂಳನ್ನು ಹೊರಗೆ ಇಡುವ ಚಿಂತೆ ಮೋಟಾರು ಗಾಡಿಯಷ್ಟೇ ಹಳೆಯದು.

ಯಾವಾಗ ಹೊಡೆಯಬೇಕು?

ಗಾಡಿಯ ಜತೆ ಬಂದ ಕೈಪಿಡಿಯಲ್ಲಿ ಬರೆದದ್ದೇ ಅಂತಿಮ. ಆದರೆ ಆ ಲೆಕ್ಕ ಒಳ್ಳೆಯ ರಸ್ತೆಗೆ. ಕಲ್ಲುಗಣಿಯ ಬಿಳಿ ಹುಡಿ, ಮಳೆಗಾಲದ ಎರೆಮಣ್ಣಿನ ಕೆಸರು ತುಳಿಯುವ ಗಾಡಿಗೆ ಅದರ ಅರ್ಧ ದೂರಕ್ಕೇ ಗ್ರೀಸ್ ಬೇಕಾಗುತ್ತದೆ. ಮುಂಗಾರಿಗೆ ಮೊದಲು ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ತೊಗರಿ ರಾಶಿಯ ಓಡಾಟಕ್ಕೆ ಮುಂಚೆ ಇನ್ನೊಮ್ಮೆ ಎಂಬ ಕ್ರಮ ಈ ಭಾಗಕ್ಕೆ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಕಾಗಿಣಾ ನದಿ ಉಕ್ಕಿ ಸೇತುವೆ ಮೇಲೆ ನೀರು ನಿಂತಾಗ ಅದರೊಳಗೆ ಗಾಡಿ ಇಳಿಸಬೇಡಿ. ಹಳ್ಳದ ನೀರಿನಲ್ಲಿ ಶಾಫ್ಟ್ ಮುಳುಗಿದ ಗಾಡಿಯಾದರೆ ಕಿಲೋಮೀಟರ್ ಲೆಕ್ಕ ಬಿಟ್ಟು ಮರುದಿನವೇ ಗ್ರೀಸ್ ಹೊಡೆಯಿರಿ. ಹೊಸ ಗ್ರೀಸ್ ಒಳಗೆ ಸೇರಿದ ನೀರನ್ನು ಹೊರಗೆ ದೂಡುತ್ತದೆ.

ಏನೇನು ಬೇಕು?

ಕೈಯಿಂದ ಒತ್ತುವ ಗ್ರೀಸ್ ಗನ್, ಅದಕ್ಕೆ ಬಗ್ಗುವ ಹೋಸ್ ಇದ್ದರೆ ಉತ್ತಮ. ವೇಸ್ಟ್ ಬಟ್ಟೆ, ತಂತಿ ಬ್ರಷ್, ಟಾರ್ಚ್, ಕಣ್ಣಿಗೆ ಕನ್ನಡಕ. ಗ್ರೀಸ್ ಲಿಥಿಯಂ ಜಾತಿಯದು, 2ನೇ ನಂಬರಿನದು, ಡಬ್ಬಿಯ ಮೇಲೆ ‘ಇ.ಪಿ.’ ಎಂದು ಬರೆದದ್ದು ಇರಲಿ. ಪಂಪ್‌ಸೆಟ್ಟಿಗೂ ಬಂಡಿಗೂ ತಂದಿಟ್ಟ ಹಳದಿ ಕಪ್ ಗ್ರೀಸ್ ಇಲ್ಲಿಗೆ ಬೇಡ. ಅದು ಸುಣ್ಣದಂಶದ ಸಾಬೂನಿನಿಂದ ಮಾಡಿದ್ದು, ಹೆಚ್ಚು ಬಿಸಿ ತಾಳದು. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆಸಿದರೆ ಎರಡೂ ತೆಳ್ಳಗಾಗಿ ಸೋರಿಹೋಗುವುದುಂಟು.

ಮೊದಲು ಗಾಡಿ ನಿಲ್ಲಲಿ

ಸ್ವಲ್ಪ ದೂರ ಓಡಿಸಿ ತಂದರೆ ಹಳೆಯ ಗ್ರೀಸ್ ಸಡಿಲವಾಗಿರುತ್ತದೆ. ಆದರೆ ಶಾಫ್ಟಿನ ಪಕ್ಕದಲ್ಲೇ ಸೈಲೆನ್ಸರ್ ಪೈಪ್ ಇರುವುದರಿಂದ ಅದು ಮುಟ್ಟುವಷ್ಟು ತಣ್ಣಗಾದ ಮೇಲೆಯೇ ಕೆಳಗೆ ಹೋಗಬೇಕು. ಗಟ್ಟಿಯಾದ, ಸಮತಟ್ಟಾದ ನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರಿನಲ್ಲಿಡಿ, ಗಾಲಿಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಡಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಪಿಕಪ್ ನೆಲದಿಂದ ಸಾಕಷ್ಟು ಎತ್ತರದಲ್ಲಿರುವುದರಿಂದ ಜಾಕ್ ಹೊಡೆಯದೆಯೇ ಈ ಕೆಲಸ ಆಗುತ್ತದೆ, ಹಾಗೆಯೇ ಮಾಡಿ.

ಎತ್ತಲೇಬೇಕಾದರೆ ಕಬ್ಬಿಣದ ಸ್ಟ್ಯಾಂಡ್ ಇಡಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು. ಫರಸಿ ಕಲ್ಲನ್ನು ಒಂದರ ಮೇಲೊಂದು ಪೇರಿಸಿ ಗಾಡಿಗೆ ಆಸರೆ ಕೊಡುವುದು ಅದಕ್ಕಿಂತ ಅಪಾಯ. ಈ ಕಲ್ಲು ನೆಲಕ್ಕೆ ಹಾಸಲು ಚೆನ್ನ, ಪದರ ಪದರವಾಗಿ ಬೆಳೆದದ್ದರಿಂದಲೇ ಹಾಗೆ ಹಲಗೆಯಾಗಿ ಸೀಳುತ್ತದೆ. ಒಂದು ಮೂಲೆಗೆ ಭಾರ ಬಿದ್ದರೆ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ.

ನಿಪ್ಪಲ್ ಹುಡುಕಿ, ಒರೆಸಿ

ಕ್ರಾಸಿನ ನಡುವೆ, ಸ್ಲೈಡಿಂಗ್ ಭಾಗದ ಮೇಲೆ ಗ್ರೀಸ್ ಒಳಗೆ ಹೋಗುವ ಸಣ್ಣ ಮೊಗ್ಗಿನಂಥ ನಿಪ್ಪಲ್ ಕಾಣುತ್ತದೆ. ಕೆಲವು ಕ್ರಾಸ್‌ಗಳು ಕಾಯಂ ಸೀಲ್ ಆಗಿ ಬಂದಿರುತ್ತವೆ, ಅವಕ್ಕೆ ನಿಪ್ಪಲ್ಲೇ ಇರದು. ಸೆಂಟರ್ ಬೇರಿಂಗ್ ಕೂಡ ಬಹುತೇಕ ಸೀಲ್ ಆದದ್ದೇ. ಕೆಸರು ಮೆತ್ತಿಕೊಂಡಿದ್ದರೆ ಬ್ರಷ್ಷಿನಿಂದ ಕೆರೆದು, ನಿಪ್ಪಲ್ಲಿನ ತಲೆ ಹೊಳೆಯುವ ತನಕ ಬಟ್ಟೆಯಿಂದ ಒರೆಸಿ. ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದಿಲ್ಲ. ತುದಿಯಲ್ಲಿ ಉಳಿದ ಕಲ್ಲಿನ ಹುಡಿ ಗ್ರೀಸಿನ ಜತೆ ನೇರವಾಗಿ ಬೇರಿಂಗಿನೊಳಗೆ ಹೋಗುತ್ತದೆ, ಅಲ್ಲಿ ಅದು ಸಾಣೆಯ ಕೆಲಸ ಮಾಡುತ್ತದೆ. ಒರೆಸದೆ ಹೊಡೆಯುವುದಕ್ಕಿಂತ ಹೊಡೆಯದಿರುವುದೇ ಲೇಸು.

ಒಂದು ನಿಪ್ಪಲ್ ಮೇಲ್ಮುಖವಾಗಿ ನಿಂತು ಕೈಗೆ ಸಿಗದೆ ಹೋಗಬಹುದು. ಆಗ ಕೆಳಗಿದ್ದವರು ಹೊರಬಂದು, ಕಲ್ಲು ತೆಗೆದು, ಹ್ಯಾಂಡ್‌ಬ್ರೇಕ್ ಬಿಟ್ಟು, ನ್ಯೂಟ್ರಲ್ ಮಾಡಿ ಗಾಡಿಯನ್ನು ಒಂದು ಗೇಣು ದೂಡಿದರೆ ಸಾಕು. ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಸುಮಾರು ನಾಲ್ಕು ಸುತ್ತು ಬರುತ್ತದೆ, ಗೇಣು ದೂರಕ್ಕೆ ಹತ್ತಿರ ಹತ್ತಿರ ಅರ್ಧ ಸುತ್ತು. ಮತ್ತೆ ಬ್ರೇಕ್ ಎಳೆದು, ಗೇರಿಗೆ ಹಾಕಿ, ಕಲ್ಲು ಕೊಟ್ಟ ಮೇಲೆಯೇ ಕೆಳಗೆ ಇಳಿಯಿರಿ.

ಗನ್ ಹಿಡಿಯುವ ಬಗೆ

ಗನ್ನಿನ ಬಾಯನ್ನು ನಿಪ್ಪಲ್ಲಿಗೆ ನೆಟ್ಟಗೆ ಒತ್ತಿ ಕೂರಿಸಿ ನಿಧಾನಕ್ಕೆ ಒತ್ತಿರಿ. ಕ್ರಾಸಿನ ನಾಲ್ಕೂ ಬಟ್ಟಲುಗಳ ಸೀಲಿನಿಂದ ಹೊಸ ಗ್ರೀಸ್ ಇಣುಕಿದರೆ ಮುಗಿಯಿತು. ಮೂರರಿಂದ ಬಂದು ಒಂದರಿಂದ ಬರದಿದ್ದರೆ ಆ ಬಟ್ಟಲು ಒಣಗಿಯೇ ಇದೆ ಎಂದರ್ಥ. ಶಾಫ್ಟನ್ನು ಕೈಯಿಂದ ಆಚೀಚೆ ಆಡಿಸಿ ಮತ್ತೆ ಒತ್ತಿ ನೋಡಿ. ಆಗಲೂ ಬಾರದಿದ್ದರೆ ಮೆಕ್ಯಾನಿಕ್‌ಗೆ ತೋರಿಸಬೇಕು. ಹೊರಬಂದ ಹಳೆಯ ಗ್ರೀಸ್ ಬೆರಳಿಗೆ ತೆಗೆದುಕೊಂಡು ಉಜ್ಜಿ. ಕಪ್ಪಗೆ ನುಣ್ಣಗಿದ್ದರೆ ಚಿಂತೆಯಿಲ್ಲ. ಇಟ್ಟಿಗೆ ಪುಡಿಯ ಬಣ್ಣವಿದ್ದರೆ ನೀರು ಹೊಕ್ಕು ತುಕ್ಕು ಹಿಡಿದಿದೆ, ಆ ಕ್ರಾಸಿಗೆ ಹೆಚ್ಚು ಆಯುಷ್ಯವಿಲ್ಲ.

ಸ್ಲೈಡಿಂಗ್ ಭಾಗಕ್ಕೆ ಮಾತ್ರ ಕೈ ಬಿಗಿ ಇರಲಿ. ಮೂರು ನಾಲ್ಕು ಸಲ ಒತ್ತಿ, ಅಂಚಿನಲ್ಲಿ ಗ್ರೀಸ್ ಕಂಡ ಕೂಡಲೇ ನಿಲ್ಲಿಸಿ. ಒಳಗೆ ಗಿಡಿದು ತುಂಬಿದರೆ ಗಾಡಿ ಕುಗ್ಗಿದಾಗ ಶಾಫ್ಟ್ ಒಳಕ್ಕೆ ಜಾರಲು ಜಾಗವಿರದೆ ಆ ಒತ್ತಡವೆಲ್ಲ ಗೇರ್‌ಬಾಕ್ಸಿನ ಬೇರಿಂಗಿನ ಮೇಲೆ ಬೀಳುತ್ತದೆ.

ಗನ್ ಒತ್ತಿದರೂ ಗ್ರೀಸ್ ಬಾರದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಗನ್ನಿನ ತಲೆಯನ್ನು ಒಂದು ಸುತ್ತು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿಯಿರಿ. ನಿಪ್ಪಲ್ ಕಟ್ಟಿಕೊಂಡಿದ್ದರೆ ಅದೇ ಅಳತೆಯ ಹೊಸದನ್ನು ಪಾನಾ ಹಿಡಿದು ಕೂರಿಸಿ. ಸುತ್ತಿಗೆಯೂ ಬೆಂಕಿಯೂ ಬೇಡ. ಗನ್ನಿನ ಬಾಯಿಗೆ, ಸೋರುವ ಹೋಸಿಗೆ ಬೆರಳು ಅಡ್ಡ ಹಿಡಿಯಬೇಡಿ. ಆ ಒತ್ತಡಕ್ಕೆ ಗ್ರೀಸ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಕಡಿಮೆ, ಆದರೆ ತಡಮಾಡಿದರೆ ಬೆರಳೇ ಹೋಗಬಹುದು. ನೇರ ಆಸ್ಪತ್ರೆಗೆ ಹೋಗಿ ಗ್ರೀಸ್ ಗನ್ ತಗುಲಿದ್ದು ಎಂದೇ ಹೇಳಿ.

ಕೆಳಗಿರುವಾಗಲೇ ನೋಡಬೇಕಾದ್ದು

ಕ್ರಾಸಿನ ಎರಡೂ ಬದಿ ಹಿಡಿದು ಎದುರುಬದುರಾಗಿ ತಿರುವಿ, ಮೇಲೆ ಕೆಳಗೆ ಎತ್ತಿ ನೋಡಿ. ಬಟ್ಟಲಿನಲ್ಲಿ ಆಟ ಸಿಕ್ಕರೆ ಸವೆದಿದೆ. ಫ್ಲಾಂಜಿನ ನಾಲ್ಕೂ ಬೋಲ್ಟ್ ಬಿಗಿಯಿವೆಯೇ, ಸೆಂಟರ್ ಬೇರಿಂಗಿನ ರಬ್ಬರ್ ಹರಿದಿದೆಯೇ ಎಂದೂ ನೋಡಿ. ಕೊಳವೆಯ ಮೇಲೆ ಬೆಸುಗೆ ಹಾಕಿದ ಸಣ್ಣ ಪಟ್ಟಿ ತೂಕ ಸರಿದೂಗಿಸಲು ಕೂರಿಸಿದ್ದು, ಅದನ್ನು ಕೀಳಬೇಡಿ. ಶಾಫ್ಟನ್ನು ಯಾರಾದರೂ ಬಿಚ್ಚುವುದಾದರೆ ಎರಡೂ ಭಾಗಕ್ಕೆ ಗುರುತು ಹಾಕಿಯೇ ಬಿಚ್ಚಲಿ. ಕೋನದಲ್ಲಿ ತಿರುಗುವ ಒಂದು ಕ್ರಾಸ್ ವೇಗವನ್ನು ಏರಿಳಿತ ಮಾಡುತ್ತದೆ, ಇನ್ನೊಂದು ಅದನ್ನು ಸರಿಪಡಿಸುತ್ತದೆ. ಒಂದು ಹಲ್ಲು ತಪ್ಪಿ ಜೋಡಿಸಿದರೂ ಆ ಹೊಂದಾಣಿಕೆ ಕೆಟ್ಟು ಗಾಡಿ ನಡುಗುತ್ತದೆ.

ಹೊರಬಂದ ಗ್ರೀಸ್ ಒರೆಸಿ ಡಬ್ಬಿಗೆ ಹಾಕಿ, ದನ ಕಟ್ಟುವ ಜಾಗದಲ್ಲಿ ಬೀಳದಿರಲಿ. ಆಮೇಲೆ ಖಾಲಿ ಗಾಡಿಯನ್ನು ರಸ್ತೆಗೆ ಒಯ್ದು ನೋಡಿ. ಮೊದಲ ಗೇರಿಗೂ ರಿವರ್ಸಿಗೂ ಹಾಕುವಾಗ ‘ಟಕ್’ ಎನ್ನುವ ಹೊಡೆತ, ವೇಗದ ಜತೆ ಏರುವ ಕಿಚಿಕಿಚಿ ಅಥವಾ ನಡುಕ ಗ್ರೀಸ್ ಹೊಡೆದ ಮೇಲೂ ಉಳಿದಿದ್ದರೆ ಮಾಲು ಹೇರುವುದನ್ನು ನಿಲ್ಲಿಸಿ ಗ್ಯಾರೇಜಿಗೆ ಒಯ್ಯಿರಿ. ಮುಂದಿನ ಕ್ರಾಸ್ ಮುರಿದರೆ ಶಾಫ್ಟಿನ ತುದಿ ರಸ್ತೆಗೆ ಬಿದ್ದು ನಾಟಿಕೊಂಡು ಓಡುವ ಗಾಡಿಯನ್ನೇ ಎತ್ತಿ ಹಾಕಬಹುದು. ಹಿಂದಿನದು ಮುರಿದರೆ ಬರೀ ಗೇರಿನ ಭರವಸೆಯಲ್ಲಿ ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿ ಉರುಳುತ್ತದೆ, ಗಾಲಿಗೂ ಎಂಜಿನ್ನಿಗೂ ಆಗ ನಂಟೇ ಇರುವುದಿಲ್ಲ.