ವಜ್ರಮುಷ್ಟಿ ಕಾಳಗವೂ ರೋಮಿನ ಕಣವೂ

ನಮ್ಮ ಫೋರ್ಟಿನ ವಿದ್ಯಾರ್ಥಿಗಳಿಗೆ ಮೈದಾನವು ಹೊಸತಲ್ಲ. ಆಜಾದ್ ಮೈದಾನದಲ್ಲಿ ಏಕಕಾಲಕ್ಕೆ ಹಲವು ಕ್ರಿಕೆಟ್ ಪಂದ್ಯಗಳು ನಡೆಯುವುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ಮೈದಾನದ ಅಂಚಿನಲ್ಲಿ ಇಬ್ಬರು ಹುಡುಗರು ಹೊಡೆದಾಟಕ್ಕಿಳಿದರೆ ಜನರು ಪಂದ್ಯವನ್ನು ಬಿಟ್ಟು ಅತ್ತ ಓಡುತ್ತಾರೆ. ಬಿಡಿಸುವವರು ವಿರಳ, "ಹೊಡಿ, ಬಿಡಬೇಡ" ಎಂದು ಕೂಗುವವರೇ ಬಹಳ. ಅಂತಹ ಗುಂಪಿನಲ್ಲಿ ನಾವೂ ಒಮ್ಮೆ ಸುಮ್ಮನೆ ನೋಡುತ್ತ ನಿಂತಿದ್ದೆವೆಂಬುದನ್ನು ಮುಚ್ಚಿಡಲಾರೆವು. ಈ ಕುತೂಹಲಕ್ಕೆ ಬಹು ಹಳೆಯ ಚರಿತ್ರೆಯುಂಟು.

ಮೈಸೂರಿನಲ್ಲಿ ವಿಜಯದಶಮಿಯಂದು, ಜಂಬೂಸವಾರಿಗೆ ಮೊದಲು, ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗವು ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ಮೊನೆಯುಳ್ಳ ಮುಷ್ಟಿಯಾಯುಧವನ್ನು ತೊಟ್ಟು ಸೆಣಸುತ್ತಾರೆ. ಒಬ್ಬನ ತಲೆಯಿಂದ ರಕ್ತದ ಹನಿ ಕಾಣಿಸಿದೊಡನೆ ಕಾಳಗವನ್ನು ನಿಲ್ಲಿಸುತ್ತಾರೆ. ಅದು ಕೆಲವೇ ಕ್ಷಣಗಳಲ್ಲಿ ಮುಗಿಯುವುದೂ ಉಂಟು.

ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಗೆ ವಿಜಯನಗರದ ಮಹಾನವಮಿಯೇ ಮಾದರಿ. ಆ ಮಹಾನವಮಿಯನ್ನು 1520ರ ಸುಮಾರಿಗೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿನ ಮಲ್ಲರನ್ನು ವರ್ಣಿಸಿದ್ದಾನೆ. ಅವರ ಏಟಿಗೆ ಹಲ್ಲುಗಳು ಮುರಿಯುತ್ತಿದ್ದವು, ಮುಖಗಳು ವಿಕಾರಗೊಳ್ಳುತ್ತಿದ್ದವು. ಇಬ್ಬರನ್ನೂ ಸಮನಾಗಿ ನಿಲ್ಲಿಸಲು ತೀರ್ಪುಗಾರರಿದ್ದರೆಂದೂ ಅವನು ಬರೆದಿದ್ದಾನೆ. ಆದುದರಿಂದ ನಮ್ಮ ಹಿರಿಯರ ಆಟಗಳು ಮೃದುವಾಗಿದ್ದವೆಂದು ಬೀಗಬೇಕಾಗಿಲ್ಲ. ಅವುಗಳಿಗೆ ಒಂದು ಎಲ್ಲೆಯಿತ್ತೆಂಬುದನ್ನು ಮಾತ್ರ ಗಮನಿಸಬೇಕು.

ಈಗ ರೋಮಿನತ್ತ ನೋಡೋಣ. ಕ್ರಿ.ಪೂ. 264ರಲ್ಲಿ, ಒಬ್ಬ ಶ್ರೀಮಂತನ ಉತ್ತರಕ್ರಿಯೆಯಲ್ಲಿ, ಮೂರು ಜೋಡಿ ಗ್ಲಾಡಿಯೇಟರುಗಳು ಅಲ್ಲಿ ಮೊದಲ ಬಾರಿಗೆ ಕಾದಾಡಿದರು. ಮುಂದೆ ಅದು ಅಧಿಕಾರವನ್ನು ಬಯಸುವವರು ಜನಮನವನ್ನು ಒಲಿಸಿಕೊಳ್ಳುವ ಉಪಾಯವಾಯಿತು. ಕ್ರಿ.ಶ. 80ರಲ್ಲಿ ಚಕ್ರವರ್ತಿ ಟೈಟಸ್ ಕೊಲೋಸಿಯಮ್ಮನ್ನು ತೆರೆದಾಗ ಉತ್ಸವವು 100 ದಿನ ನಡೆಯಿತು. ಅಲ್ಲಿ ಸುಮಾರು 50,000 ಜನರು ಕುಳಿತುಕೊಳ್ಳಬಹುದಾಗಿತ್ತು. ಹೋರಾಡುವವರಲ್ಲಿ ಬಹುಮಂದಿ ಗುಲಾಮರು, ಯುದ್ಧಕೈದಿಗಳು. ಪ್ರತಿ ಕಾಳಗವೂ ಸಾವಿನಲ್ಲಿ ಮುಗಿಯುತ್ತಿರಲಿಲ್ಲ. ಸೋತವನು ಬೆರಳೆತ್ತಿ ಪ್ರಾಣಭಿಕ್ಷೆ ಬೇಡಬಹುದಾಗಿತ್ತು. ಆದರೆ ಉತ್ಸವದ ಯಜಮಾನನು ತೀರ್ಪು ಕೊಡುವ ಮುನ್ನ ಕಿವಿಗೊಡುತ್ತಿದ್ದುದು ಪ್ರೇಕ್ಷಕರ ಕೂಗಿಗೆ! ಅಂದರೆ, ಮೆಟ್ಟಿಲ ಮೇಲೆ ಕುಳಿತ ಸಾಮಾನ್ಯನ ಬಾಯಲ್ಲಿಯೂ ಒಂದು ಜೀವವಿತ್ತು.

ಆ ಬಾಳನ್ನು ಒಲ್ಲದೆ, ಕ್ರಿ.ಪೂ. 73ರಲ್ಲಿ ಸ್ಪಾರ್ಟಕಸ್ ಸುಮಾರು 70 ಸಂಗಡಿಗರೊಡನೆ ಕಪುವಾದ ತರಬೇತಿ ಶಾಲೆಯಿಂದ ತಪ್ಪಿಸಿಕೊಂಡು ದಂಗೆಯೆದ್ದನು. ಎರಡು ವರ್ಷಗಳ ಬಳಿಕ ದಂಗೆಯು ಅಡಗಿತು. ಸೆರೆಸಿಕ್ಕ 6,000 ಮಂದಿಯನ್ನು ಹೆದ್ದಾರಿಯುದ್ದಕ್ಕೂ ಶಿಲುಬೆಗೇರಿಸಿದರು. ಶತಮಾನಗಳ ತರುವಾಯ ಟೆಲಿಮಾಕಸ್ ಎಂಬ ಸನ್ಯಾಸಿಯು ಕಣಕ್ಕಿಳಿದು ಕಾದಾಡುವವರನ್ನು ಬಿಡಿಸಲು ಯತ್ನಿಸಿದನೆಂದು ಇತಿಹಾಸಕಾರ ಥಿಯೊಡೊರೆಟ್ ಹೇಳುತ್ತಾನೆ. ಅವನನ್ನು ಕಲ್ಲೆಸೆದು ಕೊಂದವರು ಯಾರು? ಕತ್ತಿ ಹಿಡಿದವರಲ್ಲ, ನೋಡಲು ಬಂದವರು.

ವಿದ್ಯಾರ್ಥಿಮಿತ್ರರೇ, ಬಲಪ್ರದರ್ಶನವು ಎಲ್ಲ ನಾಡುಗಳಲ್ಲಿಯೂ ಇದೆ. ಅದು ಆಟವಾಗಿ ಉಳಿಯುವುದೋ ಕೊಲೆಯಾಗುವುದೋ ಎಂಬುದು "ಸಾಕು" ಎನ್ನುವವರು ಇದ್ದಾರೆಯೇ ಎಂಬುದನ್ನು ಅವಲಂಬಿಸಿದೆ. ಮೈಸೂರಿನ ಕಣದಲ್ಲಿ ಆ ಮಾತನ್ನು ನಿಯಮವೇ ಆಡುತ್ತದೆ. ಬೀದಿಯ ಜಗಳದಲ್ಲಿ ನೋಡುವವರೇ ಆಡಬೇಕು. ಮುಂದೆ ಮೈದಾನದ ಅಂಚಿನಲ್ಲಿ ಅಂತಹ ಗುಂಪು ಕಂಡರೆ, ಬಿಡಿಸಲು ನಿಮ್ಮ ಕೈ ಮುಂದಾಗಲಿ. ಈ ಸಲ ನಮ್ಮದೂ ಜೊತೆಗಿರುವುದು.