ಹೇಳಿಕೆ ಬರೆದುಕೊಂಡ ವಕೀಲರು

ಪುಟ್ಟೀ, ಕೆ.ಎ.ಎಸ್. ಪಾಸು ಮಾಡಿ ತರಬೇತಿಗೆ ಹೊರಟಿದ್ದೀಯ. ಮನೆಯಲ್ಲೆಲ್ಲ ನಿನ್ನ ರ‍್ಯಾಂಕಿನದೇ ಮಾತು. ಈ ಹೊತ್ತಿನಲ್ಲಿ ನನಗೆ ನೆನಪಾಗುವವರು ನಮ್ಮ ಮೊದಲ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದ್. ಪಾಠಪುಸ್ತಕದಲ್ಲಿ ಟೋಪಿ, ಮೀಸೆಯ ಒಂದು ಚಿತ್ರವಾಗಿ ಉಳಿದುಬಿಟ್ಟಿದ್ದಾರೆ. ಅಧಿಕಾರಕ್ಕೆ ಹೋಗುವವರು ಅವರನ್ನು ಸರಿಯಾಗಿ ತಿಳಿದುಕೊಳ್ಳಬೇಕು.

ಬಿಹಾರದ ಜೀರಾದೇಯಿ ಹಳ್ಳಿಯ ಹುಡುಗ. ಹುಟ್ಟಿದ್ದು 1884ರಲ್ಲಿ. ಮೌಲ್ವಿಯ ಹತ್ತಿರ ಫಾರ್ಸಿ ಭಾಷೆಯಿಂದ ಅಕ್ಷರಾಭ್ಯಾಸ. 1902ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಮೊದಲಿಗ. ಮುಂದೆ ಪಟ್ನಾ ಹೈಕೋರ್ಟಿನಲ್ಲಿ ಒಳ್ಳೆಯ ವಕಾಲತ್ತು. ಜಾಣತನಕ್ಕೆ ಏನೇನು ಸಿಗಬೇಕೋ ಎಲ್ಲ ಸಿಕ್ಕಿತ್ತು.

1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಬಂದರು. ಅಲ್ಲಿನ ರೈತ ಇಪ್ಪತ್ತು ಕಠ್ಠಾ ನೆಲದಲ್ಲಿ ಮೂರು ಕಠ್ಠಾ ನೀಲಿ ಬೆಳೆದು ಬಿಳಿಯ ತೋಟಗಾರರಿಗೆ ಕೊಡಲೇಬೇಕಿತ್ತು. ನೆರವಿಗೆ ಬಂದ ವಕೀಲರಿಗೆ ಗಾಂಧೀಜಿ ಹೇಳಿದ್ದೇನು ಗೊತ್ತೇ? ನಿಮ್ಮ ಕಾನೂನು ಜ್ಞಾನದಿಂದ ನನಗೆ ಹೆಚ್ಚಿನ ಉಪಯೋಗವಿಲ್ಲ, ಗುಮಾಸ್ತರ ಕೆಲಸ ಮಾಡಿ, ರೈತರ ಮಾತನ್ನು ನನಗೆ ತಿಳಿಸಿಹೇಳಿ, ಜೈಲಿಗೂ ಸಿದ್ಧರಾಗಿರಿ ಎಂದು. ರಾಜೇಂದ್ರ ಬಾಬು ಹಾಳೆ ಹಿಡಿದು ಕೂತರು. ದಿನವಿಡೀ ರೈತರು ಗುಂಪುಗುಂಪಾಗಿ ಬರುತ್ತಿದ್ದರು. ಬಂದವರ ಮಾತನ್ನು ಹಾಗೇ ಬರೆದುಕೊಳ್ಳುವಂತಿರಲಿಲ್ಲ. ಪ್ರತಿಯೊಬ್ಬನನ್ನೂ ಪಾಟೀಸವಾಲು ಮಾಡಿ, ಉತ್ತರ ನಿಲ್ಲದಿದ್ದರೆ ಆ ಹೇಳಿಕೆಯನ್ನು ಕೈಬಿಡಬೇಕು. ಕೆಲಸ ನಿಧಾನವಾಯಿತು, ಆದರೆ ಉಳಿದದ್ದನ್ನು ಯಾರಿಂದಲೂ ಅಲ್ಲಗಳೆಯಲಾಗಲಿಲ್ಲ. ಪೊಲೀಸ್ ಗುಪ್ತಚರರು ಅಲ್ಲೇ ಕೂತಿರುತ್ತಿದ್ದರು, ಅವರೆದುರೇ ಎಲ್ಲ ನಡೆಯಿತು. ಮೊದಮೊದಲು ಈ ವಕೀಲರಿಗೆ ತಲೆಗೊಬ್ಬ ಆಳು, ಅಡುಗೆಯವ, ಬೇರೆ ಬೇರೆ ಒಲೆ. ಊಟ ಒಮ್ಮೊಮ್ಮೆ ನಡುರಾತ್ರಿಗೆ. ಆಮೇಲೆ ಆಳುಗಳು ಹೋದರು, ಒಲೆ ಒಂದಾಯಿತು. ಮಡಿವಂತಿಕೆಯಲ್ಲಿ ಬೆಳೆದ ರಾಜೇಂದ್ರ ಬಾಬುಗೆ ಅದು ಸಣ್ಣ ಬದಲಾವಣೆಯಲ್ಲ. 1918ರ ಕಾಯ್ದೆಯಿಂದ ಆ ನೀಲಿಯ ಕಟ್ಟುಪಾಡು ಹೋಯಿತು.

ನಿನ್ನ ಕಚೇರಿಯ ಬಾಗಿಲಿಗೂ ಪಹಣಿ ತಿದ್ದುಪಡಿಗೆ ಅಲೆದು ಸುಸ್ತಾದವರು ಬರುತ್ತಾರೆ. ಕೂರಿಸು. ಪೂರ್ತಿ ಕೇಳು. ಕನಿಕರಪಟ್ಟು ಎಲ್ಲಕ್ಕೂ ತಲೆಯಾಡಿಸುವುದೂ ಬೇಡ, ಕೆದಕಿ ಕೇಳು. ಗಟ್ಟಿಯಾಗಿ ಬರೆದಿಟ್ಟ ಒಂದು ಪುಟ ಅವರನ್ನು ಕಾಪಾಡುತ್ತದೆ.

ಆಮೇಲಿನದು ನಿನಗೆ ಗೊತ್ತಿರುವುದೇ: ವಕಾಲತ್ತು ಬಿಟ್ಟದ್ದು, ಜೈಲು, 1934ರ ಬಿಹಾರ ಭೂಕಂಪದ ಪರಿಹಾರ ಕೆಲಸ, ಸಂವಿಧಾನ ಸಭೆಯ ಅಧ್ಯಕ್ಷತೆ, 1950ರ ಜನವರಿ 26ರಂದು ರಾಷ್ಟ್ರಪತಿ ಪದವಿ.

ಆದರೆ 1951ರ ಸಂಗತಿಯನ್ನು ಬಿಡುವಂತಿಲ್ಲ. ಹಿಂದೂಗಳ ಮದುವೆ, ಆಸ್ತಿಹಕ್ಕಿನ ಕಾನೂನನ್ನು ತಿದ್ದುವ ಹಿಂದೂ ಕೋಡ್ ಮಸೂದೆಗೆ ಅವರ ಒಪ್ಪಿಗೆಯಿರಲಿಲ್ಲ. ವಯಸ್ಕ ಮತದಾನದಿಂದ ಆರಿಸಿ ಬಾರದ ಸಂಸತ್ತು ಅಂಥ ಕಾನೂನು ಮಾಡಬಾರದೆಂದೂ, ತಾವು ಸ್ವಂತ ವಿವೇಚನೆಯಿಂದ ನಡೆಯಬೇಕೆಂದಿರುವುದಾಗಿಯೂ ನೆಹರೂಗೆ ಬರೆದರು. ನೆಹರೂ ಕಾನೂನು ಪಂಡಿತರನ್ನು ಕೇಳಿದರು. ಅಟಾರ್ನಿ ಜನರಲ್ ಸೆಟಲ್ವಾಡ್, ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಇಬ್ಬರ ಮಾತೂ ಒಂದೇ: ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಚುನಾವಣೆಯಾಗಿ, 1955 ಮತ್ತು 1956ರಲ್ಲಿ ಆ ಕಾನೂನುಗಳು ಬಿಡಿಬಿಡಿಯಾಗಿ ಬಂದಾಗ ಅವರು ಸಹಿ ಹಾಕಿದರು. ಮಸೂದೆಯ ವಿಷಯದಲ್ಲಿ ಅವರ ನಿಲುವು ತಪ್ಪೆಂದೇ ನನ್ನ ಅಭಿಪ್ರಾಯ. ಹೆಣ್ಣುಮಕ್ಕಳ ಆಸ್ತಿಹಕ್ಕಿಗೆ ಆ ಕಾನೂನು ಬೇಕಿತ್ತು. ಆದರೂ ನಾನವರನ್ನು ಇಷ್ಟಪಡುವುದು ಈ ಕಾರಣಕ್ಕೇ. ಮನಸ್ಸಿನಲ್ಲಿದ್ದುದನ್ನು ಮುಚ್ಚಿಡದೆ ಬರೆದು ತಿಳಿಸಿದರು, ಕುರ್ಚಿಯ ಮಿತಿಯನ್ನು ಮಾತ್ರ ಮೀರಲಿಲ್ಲ. ಆ ಪತ್ರ ಬರೆದಾಗ ಗಣರಾಜ್ಯಕ್ಕೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಹಟ ಹಿಡಿದಿದ್ದರೆ ಮುಂದೆ ಬಂದವರಿಗೆಲ್ಲ ಅದೇ ಮೇಲ್ಪಂಕ್ತಿಯಾಗುತ್ತಿತ್ತು.

ಮೇಲಿನವರ ತೀರ್ಮಾನ ನಿನಗೆ ಒಪ್ಪಿಗೆಯಾಗದ ದಿನ ಬರುತ್ತದೆ. ಕಡತದಲ್ಲಿ ನಿನ್ನ ಟಿಪ್ಪಣಿಯನ್ನು ಸ್ಪಷ್ಟವಾಗಿ ಬರೆದು, ಕೆಳಗೆ ಹೆಸರು, ತಾರೀಖು ಹಾಕು. ಕಾನೂನಿನೊಳಗಿನ ಆದೇಶವಾದರೆ ಆಮೇಲೆ ಮನಸ್ಸಿಟ್ಟು ಜಾರಿಮಾಡು, ಕಡತ ಕೂಡಿಹಾಕಿ ಸೇಡು ತೀರಿಸಿಕೊಳ್ಳಬೇಡ. ಕಾನೂನಿಗೆ ಹೊರತಾದ ಆದೇಶವಾದರೆ ಸಹಿ ಹಾಕಬೇಡ, ವರ್ಗವಾದರೂ ಸರಿ.

ಹೆಚ್ಚು ಪಾಲು ಜೈಲಿನಲ್ಲಿ ಕೂತು ಬರೆದ ಅವರ ಆತ್ಮಕಥೆ ನನ್ನ ಕಪಾಟಿನಲ್ಲಿದೆ. ತೆಗೆದುಕೊಂಡು ಹೋಗು. ಚಂಪಾರಣ್ಯದ ಭಾಗವನ್ನು ಮೊದಲು ಓದು.